ಆಯಿಗೆ ಇಬ್ಬರೂ ಹಾಲೆರೆದ ಶ್ರಾವಣ

ನನ್ನ ಹೊಲಿಗೆ ಅಂಗಡಿಯಿಂದ ಆಗಾಗ ಸಾಸಿವೆ ಹುರಿಯುವ ವಾಸನೆ ಬರುತ್ತದೆ. ಭಾಲ್ಕಿಯ ಪೇಟೆಗೆ ಬಂದ ಹೆಂಗಸರು ಮೆಟ್ಟಿಲ ಮೇಲೆ ನಿಂತು, "ಏನ್ರಿ ಸುವರ್ಣಾ, ಅಂಗಡ್ಯಾಗೇ ಒಗ್ಗರಣಿ ಹಾಕ್ಲತ್ತೀರೇನು?" ಎಂದು ಕೇಳುತ್ತಾರೆ. ಹೌದು ಎಂದುಬಿಡುತ್ತೇನೆ. ಕೇಳಿದವರಿಗೆಲ್ಲ ಬಿಡಿಸಿ ಹೇಳುತ್ತ ಕೂತರೆ ಪಂಚಮಿಯ ಕುಪ್ಪಸಗಳು ದೀಪಾವಳಿಗೂ ಮುಗಿಯುವುದಿಲ್ಲ. ಹೇಳಬೇಕಾದವರಿಗೆ ಮಾತ್ರ ಹೇಳುತ್ತೇನೆ. ಕ್ಯಾನ್ಸರ್ ಆಗಿ ಒಂದು ಮೊಲೆ ತೆಗೆಸಿಕೊಂಡ ಹೆಂಗಸರಿಗೆ ನಾನು ಕುಪ್ಪಸದ ಒಳಗೆ ಒಂದು ಪುಟ್ಟ ಚೀಲ ಹೊಲಿದು ಕೊಡುತ್ತೇನೆ. ಬರೀ ಹತ್ತಿ ತುಂಬಿದರೆ ಅದು ಮಧ್ಯಾಹ್ನದೊಳಗೆ ಕೊರಳಿಗೆ ಬಂದು ಕೂಡುತ್ತದೆ, ತೂಕ ಬೇಕು. ಅದಕ್ಕೆ ಸಾಸಿವೆ. ಆ ಸಾಸಿವೆಯನ್ನು ಯಾಕೆ ಹುರಿಯಬೇಕು ಎನ್ನುವುದನ್ನು ನನಗೆ ಕಲಿಸಿದವಳು ನಮ್ಮ ಸಣ್ಣವ್ವ, ಅದೂ ಬೈದು ಕಲಿಸಿದ್ದು.

ಹೋದ ವಾರ ಬೀದರದಿಂದ ಒಬ್ಬರು ಬಂದಿದ್ದರು. ಹೆಚ್ಚುಕಡಿಮೆ ನನ್ನ ವಯಸ್ಸಿನವರೇ. ಪರದೆಯ ಹಿಂದೆ ಅಳತೆ ತೆಗೆಯುವಾಗ ಅವರ ತಾಯಿಗೂ ಇದೇ ರೋಗ ಬಂದಿತ್ತೆಂದು ಮಾತಿಗೆ ಮಾತು ಬಂತು. ಇಂಥ ಮನೆತನಗಳಲ್ಲಿ ಜೀನ್ ಪರೀಕ್ಷೆ ಅಂತ ಒಂದು ಇರುತ್ತದೆ, ಡಾಕ್ಟರು ಹೇಳಿಲ್ಲವೇ ಎಂದು ಕೇಳಿದೆ. "ಹೇಳ್ಯಾರ್ರಿ. ಆದ್ರ ಮೊದಲೇ ತಿಳ್ಕೊಂಡು ಏನ್ ಮಾಡೋದದ ಹೇಳ್ರಿ?" ಎಂದರು. ನಾನು ಟೇಪನ್ನು ಕೊರಳಿಗೆ ಹಾಕಿಕೊಂಡೆ. ಅದು ನನ್ನದೇ ಮಾತು. ಕೆಲವು ವರ್ಷಗಳ ಹಿಂದೆ, ಇಂಥದೇ ಮಳೆಗಾಲದಲ್ಲಿ, ಇದೇ ಧಾಟಿಯಲ್ಲಿ ನಾನು ಆಡಿದ್ದ ಮಾತು. ಒಲೆಯ ಮೇಲೆ ಸಾಸಿವೆ ಚಟಪಟ ಎನ್ನುತ್ತಿತ್ತು. ಆ ವಾಸನೆಯ ಜೊತೆಗೆ ಆ ಇಡೀ ವರ್ಷ ಎದ್ದು ಬಂತು.

ಯಾರು ಯಾರಿಗೆ ಏನಾಗಬೇಕು ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮವ್ವನ ತವರು ಭಾಲ್ಕಿ ತಾಲೂಕಿನ ಖಟಕ ಚಿಂಚೋಳಿ. ಅವ್ವನ ತಾಯಿಯನ್ನು ಮನೆಯಲ್ಲಿ ಎಲ್ಲರೂ ಆಯಿ ಎನ್ನುತ್ತಾರೆ. ನಾವು ಮೊಮ್ಮಕ್ಕಳು ಅವಳನ್ನು ಕಣ್ಣಿಂದ ನೋಡಿದವರಲ್ಲ. ಎದೆಯಲ್ಲಿ ಗಂಟಾಗಿ ಸಣ್ಣ ವಯಸ್ಸಿನಲ್ಲೇ ಹೋದಳಂತೆ. ಒಂದು ಫೋಟೋ ಕೂಡ ಇಲ್ಲ. ಆಯಿಗೆ ಮೂವರು ಮಕ್ಕಳು. ದೊಡ್ಡವನು ಮಾಮಾ, ನಡುವಿನವಳು ನಮ್ಮವ್ವ, ಕೊನೆಯವಳು ಸಣ್ಣವ್ವ. ಅವ್ವನನ್ನು ಬೀದರ ಹತ್ತಿರದ ಮನ್ನಳ್ಳಿಗೆ ಕೊಟ್ಟಿದ್ದರು, ನಾನು ಹುಟ್ಟಿದ್ದು ಅಲ್ಲಿ. ನಾನು ಹತ್ತನೇ ತರಗತಿಯಲ್ಲಿದ್ದಾಗ ಅವ್ವನಿಗೂ ಅದೇ ಗಂಟು ಬಂತು. ಅವಳು ಅದನ್ನು ಸೆರಗಿನೊಳಗೇ ಇಟ್ಟುಕೊಂಡಳು, ಯಾರಿಗೂ ತೋರಿಸಲಿಲ್ಲ. ತೋರಿಸಿದಾಗ ತಡವಾಗಿತ್ತು.

ತಂಗಿಯ ಮಗಳು ಪರರ ಮನೆ ಸೇರುವುದು ಬೇಡ ಎಂದು ಮಾಮಾ ನನ್ನನ್ನು ತನ್ನ ಮಗ ವೈಜನಾಥನಿಗೆ ತಂದುಕೊಂಡ. ನಮ್ಮ ಕಡೆ ಇದು ಹೊಸದೇನಲ್ಲ. ಮಾಮಾನ ಮಗನಿದ್ದರೆ ಊರೆಲ್ಲ ವರ ಹುಡುಕುವ ತಾಪತ್ರಯ ಯಾರಿಗೆ ಬೇಕು? ವೈಜನಾಥ ಭಾಲ್ಕಿಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರ. ಸಣ್ಣವರಿದ್ದಾಗ ಅವನ ಜೊತೆ ಜಗಳಾಡಿ ಜುಟ್ಟು ಹಿಡಿದಿದ್ದೇನೆ. ಮದುವೆಯಾದ ಮೇಲೆ 'ರೀ' ಎನ್ನದೆ ಗತ್ಯಂತರವಿಲ್ಲ. ಹೆಸರು ಹಿಡಿಯುವ ಸುಖವನ್ನು ಬರೆಯುವಾಗಲಾದರೂ ಬಿಟ್ಟುಕೊಡುವುದಿಲ್ಲ.

ಆ ವರ್ಷದ ಬೇಸಿಗೆಯಲ್ಲಿ ಸಣ್ಣವ್ವನಿಗೆ ಬೀದರದಲ್ಲಿ ಆಪರೇಷನ್ ಆಯಿತು. ಅವಳು ಔರಾದ ತಾಲೂಕಿನ ಡಾಬಕಾದ ಸೊಸೆ, ಮಹಾರಾಷ್ಟ್ರದ ಗಡಿ ಅಲ್ಲಿಂದ ಕೂಗಳತೆ. ಅಕ್ಕನ ಹಾಗೆ ಮುಚ್ಚಿಡಲಿಲ್ಲ. ಸ್ನಾನ ಮಾಡುವಾಗ ಕೈಗೆ ಗಂಟು ಹತ್ತಿದ್ದೇ ತಡ, ಹೊರಗೆ ಬಂದು ಗಂಡನಿಗೆ, "ಗಾಡಿ ತಗೀ, ಬೀದರಕ್ಕ ನಡಿ" ಎಂದವಳು. ಅದರಿಂದಲೇ ಬದುಕಿದಳು. ಮೃಗಶಿರ ಮಳೆ ಶುರುವಾದ ಮೇಲೆ ಒಂದು ದಿನ ಅಂಗಡಿಗೆ ಬಂದು, ಪರದೆ ಸರಿಸಿ, ನಾನು ಕೇಳುವ ಮೊದಲೇ ಕುಪ್ಪಸ ಬಿಚ್ಚಿ ನಿಂತಳು.

"ತಗೋ ಅಳತಿ. ಈ ಕಡೀದು ಹಳೇದೇ ಅದ. ಆ ಕಡಿ ಬಯಲು" ಎಂದಳು.

ನನಗೆ ಕಣ್ಣೀರು ಬಂತು. ಅವಳಿಗೆ ಸಿಟ್ಟು ಬಂತು. "ಅಳೋದಾದ್ರ ನಿಮ್ಮವ್ವನ ಸಲುವಾಗಿ ಅಳು. ನಾ ಜೀವಂತ ನಿಂತೇನಿ. ಬಸ್ಸಿನ್ಯಾಗ ಒಬ್ಬಾಕಿ ನನ್ನ ಎದಿ ನೋಡಿದಾಕಿ ನೋಡ್ಕೋತೇ ಕುಂತಾಳ. ಅದಕ್ಕೊಂದು ಬಂದೋಬಸ್ತ್ ಮಾಡು, ಸಾಕು." ಹೀಗೆ ಶುರುವಾಯಿತು ಸಾಸಿವೆಯ ಚೀಲ. ಮೆತ್ತನೆ ಹತ್ತಿಬಟ್ಟೆ, ಒಳಗೆ ಹತ್ತಿ, ಅದರ ನಡುವೆ ಸಾಸಿವೆ. ಹಾಕಿಕೊಂಡು ಕನ್ನಡಿಯ ಮುಂದೆ ಎಡಕ್ಕೆ ಬಲಕ್ಕೆ ತಿರುಗಿ ನೋಡಿಕೊಂಡಳು. ಬರೋಬರ್ ಆಗಿದೆ ಎಂದಳು. ಆ ದಿನ ಆ ಹೆಮ್ಮೆಯಲ್ಲಿ ನಾನು ಮತ್ತೆ ಯಾವ ಕೆಲಸವನ್ನೂ ಮಾಡಲಿಲ್ಲ.

ಮುಂದಿನ ತಪಾಸಣೆಗೆ ಅವಳ ಜೊತೆ ಬೀದರಕ್ಕೆ ಹೋದವಳು ನಾನೇ. ಅಲ್ಲಿಯ ಡಾಕ್ಟರಬಾಯಿ ಗಾಯ ನೋಡಿದ ಮೇಲೆ ನನ್ನನ್ನೂ ಕೂರಿಸಿಕೊಂಡು ಮನೆಯವರ ಬಗ್ಗೆ ಕೇಳತೊಡಗಿದರು. ಆಯಿಗೆ, ಅವ್ವನಿಗೆ, ಈಗ ಸಣ್ಣವ್ವನಿಗೆ. ಕೇಳುತ್ತ ಅವರ ಮುಖ ಗಂಭೀರವಾಯಿತು. "ಮತ್ತ ನಿಮ್ಮ ಗಂಡನ ಮನಿ ಕಡಿ?" ಎಂದರು. "ಅದು ಬ್ಯಾರೆ ಮನಿತನಾರಿ. ಆ ಕಡಿ ಯಾರಿಗೂ ಇಲ್ಲ" ಎಂದೆ. ಸುಳ್ಳು ಹೇಳಲಿಲ್ಲ. ನಮ್ಮ ಲೆಕ್ಕದಲ್ಲಿ ಮಾಮಾನ ಮನೆತನ ಬೇರೆಯೇ. ಬೆಡಗು, ಅಂದರೆ ಗೋತ್ರ, ಬೇರೆ ಎಂದೇ ಅಲ್ಲಿಗೆ ಹೆಣ್ಣು ಕೊಡುವುದು. ಸಣ್ಣವ್ವ ಕೂಡ ಪಕ್ಕದಲ್ಲಿ ಕೂತು ಹೌದೆಂದು ತಲೆಯಾಡಿಸಿದಳು.

ಡಾಕ್ಟರಬಾಯಿ ನಿಧಾನವಾಗಿ ಹೇಳಿದರು: "ಇದು ರೋಗ ಅದನೋ ಇಲ್ಲೋ ನೋಡೋ ಪರೀಕ್ಷೆ ಅಲ್ರಿ. ಮನಿತನದಾಗ ಬರೋ ಒಂದು ಜೀನ್ ಕೆಟ್ಟಿದ್ರ ರೋಗದ ಸಂಭವ ಜಾಸ್ತಿ ಇರ್ತದ. ಅದು ನಿಮ್ಮ ಮನ್ಯಾಗ ಅದನೋ ಇಲ್ಲೋ ನೋಡೋದು. ಅದ ಅಂದ್ರ ರೋಗ ಬಂದೇ ಬರ್ತದಂತ ಅಲ್ಲ. ಮೊದಲಿಂದ ಕಣ್ಣಿಟ್ಟು ನೋಡಬಹುದು, ಬಂದ್ರೂ ಜಲ್ದಿ ಹಿಡೀಬಹುದು." ರೋಗ ಬಂದವರನ್ನು ಮೊದಲು ಪರೀಕ್ಷಿಸಿದರೆ ಒಳ್ಳೆಯದು, ಏನನ್ನು ಹುಡುಕಬೇಕೆಂದು ತಿಳಿದರೆ ಉಳಿದವರಲ್ಲಿ ಅದನ್ನೇ ಹುಡುಕಬಹುದು, ಹಾಗಾಗಿ ಮೊದಲು ಸಣ್ಣವ್ವನದು, ಆಮೇಲೆ ಬೇಕೆಂದರೆ ನನ್ನದು ಎಂದರು. ರಕ್ತವನ್ನು ಹೈದರಾಬಾದಿಗೆ ಕಳಿಸಬೇಕು. "ಜಬರದಸ್ತಿ ಏನಿಲ್ಲ. ವಿಚಾರ ಮಾಡ್ರಿ. ಬ್ಯಾಡ ಅನ್ನೋದೂ ಒಂದು ನಿರ್ಧಾರನೇ."

ಆಗಲೇ ನಾನು ಆ ಮಾತು ಆಡಿದ್ದು. ಮೊದಲೇ ತಿಳಿದುಕೊಂಡು ಏನು ಮಾಡುವುದಿದೆ? ಬಸ್ಸಿನಲ್ಲಿ ಬರುವಾಗ ಸಣ್ಣವ್ವನೂ ಅದನ್ನೇ ಎಂದಳು, ಕಿಟಕಿಯ ಹೊರಗೆ ನೋಡುತ್ತ ಇಬ್ಬರೂ ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಂಡೆವು.

ಮನೆಗೆ ಬಂದು ವೈಜನಾಥನಿಗೆ ಎಲ್ಲ ಹೇಳಿದೆ. ಅವನು ಕೈಯಲ್ಲಿದ್ದ ಚಹಾ ಕೆಳಗಿಟ್ಟು ಕೇಳಿದ. ಒಳ್ಳೆಯ ಮನುಷ್ಯ. "ನೋಡು ಸುವರ್ಣಾ, ಇದು ನಿಮ್ಮ ಹೆಣ್ಣುಮಕ್ಕಳ ಕಡೀ ಮಾತು. ನಿನ್ನ ಮೈ, ನಿನ್ನ ನಿರ್ಧಾರ. ಹೆದರಿಕಿ ಇದ್ದದ್ದೇ, ಆದ್ರ ಹೆದರಿ ಕುಂತ್ರ ಆಟ ಸೋತಂಗೇ. ನೀ ಹೂಂ ಅನ್ನು, ಬ್ಯಾಡ ಅನ್ನು, ನಾ ಹಿಂದ ಗಟ್ಟಿ ನಿಂತೇನಿ" ಎಂದ. ಸಾಲೆಯ ಹುಡುಗರಿಗೆ ಕಬಡ್ಡಿಗೆ ಮೊದಲು ಹೇಳುವ ಮಾತೇ ಅದು, ನನಗೆ ಗೊತ್ತು. ಆದರೂ ಆ ಹೊತ್ತಿಗೆ ಹಿತವಾಯಿತು. ಹಿಂದೆ ನಿಲ್ಲುತ್ತೇನೆ ಎನ್ನುವವರಿಗೆ ಮುಂದಿನ ಬಿಸಿಲು ತಟ್ಟುವುದಿಲ್ಲ ಎಂದು ಅನ್ನಿಸಿದ್ದು ಆಮೇಲೆ.

ನಾನು ಧೈರ್ಯಸ್ಥೆ ಎಂದು ಊರಲ್ಲಿ ಹೆಸರು. ಇದ್ದೇನೆ ಕೂಡ. ಆದರೆ ಆ ಆಷಾಢದಲ್ಲಿ ಸ್ನಾನಕ್ಕೆ ಹೋದಾಗಲೆಲ್ಲ ಬೆರಳು ತಾನೇ ಎದೆಯ ಮೇಲೆ ಹೋಗಿ ಹುಡುಕುತ್ತಿತ್ತು. ಗಿರಾಕಿಯ ರೇಷ್ಮೆ ಕುಪ್ಪಸಕ್ಕೆ ಎರಡೂ ಎಡದ ತೋಳು ಕತ್ತರಿಸಿಟ್ಟೆ. ನನ್ನ ಸಲುವಾಗಿ ನನಗೆ ಅಷ್ಟು ಚಿಂತೆಯಿರಲಿಲ್ಲ, ಖರೇ ಹೇಳುತ್ತೇನೆ. ಮಗಳು ಪೂರ್ಣಿಮಾ ಆಗ ಪಿಯುಸಿ. ಪರೀಕ್ಷೆಯಲ್ಲಿ ನನಗೆ ಅದು ಇದೆ ಎಂದು ಬಂದರೆ ಅವಳಿಗೆ ಏನೆಂದು ಹೇಳುವುದು? ನಿನಗೆ ನನ್ನ ಮೂಗು ಬಂದಿದೆ, ನನ್ನ ಸಿಟ್ಟು ಬಂದಿದೆ, ಇದೂ ಬಂದಿರಬಹುದು, ತಪ್ಪು ತಿಳಿಯಬೇಡ ಮಗಳೇ? ಹೊಲಿಗೆ ಯಂತ್ರದ ಮುಂದೆ ಕೂತು ಆ ಮಾತನ್ನು ಎಷ್ಟೋ ಬಗೆಯಲ್ಲಿ ಜೋಡಿಸಿ ಬಿಚ್ಚಿದೆ. ಒಂದೂ ಸರಿಹೋಗಲಿಲ್ಲ.

ಶ್ರಾವಣ ಹತ್ತಿರ ಬಂದಾಗ ಡಾಬಕಾದಿಂದ ಫೋನು. "ಸುವರ್ಣಾ, ನೀ ಟೇಲರ್ ಇದ್ದಿಯೋ ಒಕ್ಕಲಿಗಿತ್ತಿ ಇದ್ದಿಯೋ? ನಿನ್ನ ಸಾಸಿವಿ ಮೊಳಕಿ ಬಿಟ್ಟಾದ!"

ಅವಳು ಹೆಸರುಕಾಳಿನ ಹೊಲದಲ್ಲಿ ಕಳೆ ತೆಗೆಯುವಾಗ ಮಳೆಯಲ್ಲಿ ತೊಯ್ದಿದ್ದಳು. ಚೀಲವನ್ನು ಬಿಸಿಲಿಲ್ಲದ ಮೂಲೆಗೆ ತೂಗುಹಾಕಿ ಮರೆತಿದ್ದಳು. ಹೊಲಿಗೆಯ ಸಂದಿಯಿಂದ ಹಸಿರು ಕಿವಿಗಳು ಹೊರಗೆ ಬಂದಿದ್ದವು. ಬಸ್ಸು ಹಿಡಿದು ಔರಾದಕ್ಕೆ, ಅಲ್ಲಿಂದ ಟಂಟಂ ಹಿಡಿದು ಡಾಬಕಾಕ್ಕೆ ಹೋದೆ. ಅವಳು ಆ ಚೀಲವನ್ನು ಅಂಗಳದ ಹೊರಸಿನ ಮೇಲೆ ಇಟ್ಟುಕೊಂಡು ನೆರೆಯವರಿಗೆಲ್ಲ ತೋರಿಸಿ ನಗುತ್ತಿದ್ದಳು. "ನೋಡ್ರಿ, ಹೋದ ಎದಿ ಮತ್ತ ಚಿಗತದ." ನಾನೂ ನಕ್ಕೆ. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ಆಮೇಲೆ ಅವಳ ಒಲೆಯ ಮೇಲೆಯೇ ಸಾಸಿವೆ ಹುರಿದು, ಆರಿಸಿ, ಹೊಸ ಚೀಲ ಹೊಲಿದೆ. ಹುರಿದ ಕಾಳು ಮೊಳೆಯುವುದಿಲ್ಲ. ಅಂದಿನಿಂದ ಅದೇ ಪದ್ಧತಿ.

ರೊಟ್ಟಿ ತಿನ್ನುವಾಗ ಪರೀಕ್ಷೆಯ ಮಾತು ತೆಗೆದೆ. ಅವಳು ಕೈ ಅಡ್ಡ ಆಡಿಸಿದಳು.

"ನಂದು ಕತ್ತರಿಸಿ ಒಗದಾಗ್ಯಾದ. ಇನ್ನ ಯಾರ ಸಲುವಾಗಿ ನೋಡ್ಸಲಿ? ನನಗ ಹೆಣ್ಣಿಲ್ಲ. ಎರಡೂ ಗಂಡೇ. ನನ್ನ ಜೋಡಿ ಇದು ಮುಗೀತು, ಛಲೋನೇ ಆಯ್ತು."

"ನನ್ನ ಸಲುವಾಗಿ ಸಣ್ಣವ್ವ."

"ನಿನಗ ಬೇಕಾದ್ರ ನೀ ಮಾಡ್ಸಕೋ. ನಾ ಬ್ಯಾಡ ಅಂದೇನೇನು? ನನಗ ಆ ಸೂಜಿ, ಆ ದವಾಖಾನಿ ವಾಸನಿ, ಸಾಕಾಗ್ಯಾದವ್ವ. ಜರಾ ಬೇಫಿಕರ್ ಇರ್ಲಿಕ್ಕ ಬಿಡು."

ಗಂಡುಮಕ್ಕಳಿದ್ದವಳಿಗೆ ಈ ಚಿಂತೆ ಇಲ್ಲ ಎನ್ನುವ ಮಾತು ನನಗೂ ಸರಿ ಎನಿಸಿತು. ಹೊಸ ಚೀಲ ಅವಳ ಕೈಗಿಟ್ಟು ವಾಪಸು ಬಂದೆ. ಅವಳದಿಲ್ಲದೆ ನನ್ನದೊಂದೇ ಮಾಡಿಸಿದರೆ, ಇಲ್ಲ ಎಂದು ಬಂದರೂ ಪೂರ್ತಿ ನಂಬುವ ಹಾಗಿಲ್ಲ ಎಂದು ಡಾಕ್ಟರಬಾಯಿ ಹೇಳಿದ್ದರು. ಇದು ನನ್ನ ಹಣೆಬರಹದ ಪ್ರಶ್ನೆ, ಬಾಗಿಲ ಚಿಲಕ ಮಾತ್ರ ಸಣ್ಣವ್ವನ ಕಡೆಗೆ. ನನಗೆ ಅವಳ ಮೇಲೆ ಸಿಟ್ಟೂ ಬಂದಿತ್ತು. ನೋವುಂಡವಳ ಮೇಲೆ ಸಿಟ್ಟಾಗಲು ಸಂಕೋಚವಾಗಿ ಅದನ್ನು ಪೂರ್ಣಿಮಾಳ ಮೇಲೆ, ವೈಜನಾಥನ ಮೇಲೆ, ಅಂಗಡಿಯ ಕತ್ತರಿಯ ಮೇಲೆ ತೀರಿಸಿಕೊಂಡೆ.

ಪಂಚಮಿಗೆ ಎಲ್ಲರೂ ಖಟಕ ಚಿಂಚೋಳಿಯಲ್ಲಿ ಸೇರಿದೆವು. ಮಾಮಾ ತಾನೇ ಡಾಬಕಾಕ್ಕೆ ಹೋಗಿ ತಂಗಿಯನ್ನು ಕರೆತಂದಿದ್ದ. ಪಂಚಮಿಗೆ ಅಣ್ಣ ಹೋಗಿ ಕರೆಯದೆ ಸಣ್ಣವ್ವ ಒಂದು ಹೆಜ್ಜೆ ಇಡುವವಳಲ್ಲ. ಅತ್ತೆ ಅಳ್ಳಿಟ್ಟು, ಉಂಡಿ, ಜೋಳದ ಅರಳು ಎಲ್ಲ ಸಜ್ಜು ಮಾಡಿದ್ದರು. ಬೆಳಿಗ್ಗೆ ಮಡಿಯುಟ್ಟು, ಹಾಲಿನ ತಂಬಿಗೆ, ಬೆಲ್ಲ, ಕೊಬ್ಬರಿ ಬಟ್ಟಲು ಹಿಡಿದು ಹೊಲದ ಬದುವಿನ ಬೇವಿನ ಗಿಡದ ಕೆಳಗಿನ ಹುತ್ತಕ್ಕೆ ಹೋದೆವು. ಜಿಟಿಜಿಟಿ ಮಳೆ. ಹೆಸರು ಕಾಯಿ ಕಪ್ಪಾಗಿ ಬಿಡಿಸಲು ಬಂದಿತ್ತು. ಕೆಂಪು ಮಣ್ಣು ಚಪ್ಪಲಿಗೆ ಅಂಟಿ ಕಾಲೆತ್ತುವುದೇ ಕಷ್ಟ.

ನಮ್ಮ ಕಡೆ ಹಾಲೆರೆಯುವಾಗ ಸುಮ್ಮನೆ ಎರೆಯುವುದಿಲ್ಲ. ಒಬ್ಬೊಬ್ಬರ ಹೆಸರಲ್ಲಿ ಒಂದೊಂದು ಪಾಲು ಹಾಕಬೇಕು, ಬಾಯಿಬಿಟ್ಟು ಹೇಳಿ ಹಾಕಬೇಕು. ಅನೇಕ ಮನೆಗಳಲ್ಲಿ ಇದು ಹೆಂಗಸರ ಮಕ್ಕಳ ಕೆಲಸ. ಮಾಮಾನ ಮನೆಯಲ್ಲಿ ಗಂಡಸರೂ ಎರೆಯುತ್ತಾರೆ. ವೈಜನಾಥ ಮುಂದೆ ಕೂತು ಮೈದಾನದ ದನಿಯಲ್ಲಿ ಶುರುಮಾಡಿದ: "ದೇವರ ಪಾಲು! ಗುರುವಿನ ಪಾಲು! ಅಪ್ಪನ ಪಾಲು! ಅವ್ವನ ಪಾಲು! ಹೆಂಡ್ತೀ ಪಾಲು! ಪೂರ್ಣೀ ಪಾಲು!" ಎಲ್ಲರೂ ನಗುತ್ತಿದ್ದರು. ಕೊನೆಗೆ ದನಿ ತಗ್ಗಿಸಿ, "ನಮ್ಮ ಆಯಿ ಪಾಲು" ಎಂದು ಹಾಕಿ ಎದ್ದ.

ಅವನ ಬಳಿಕ ನನ್ನ ಸರದಿ. ದೇವರಿಗೆ, ಗುರುವಿಗೆ, ಮನ್ನಳ್ಳಿಯ ಅಪ್ಪನಿಗೆ, ಅವ್ವನಿಗೆ ಹಾಕಿದೆ. ಆಮೇಲೆ, ಪ್ರತಿ ವರ್ಷದ ಹಾಗೆ, "ನಮ್ಮ ಆಯಿ ಪಾಲು" ಎಂದೆ. ಅಂದು ಕೈ ಅಲ್ಲೇ ನಿಂತಿತು.

"ಮಮ್ಮಿ, ಹಾಲು ಚೆಲ್ಲಲತ್ತದ" ಎಂದಳು ಪೂರ್ಣಿಮಾ.

ನಾನು ತಿರುಗಿ ಕೇಳಿದೆ, "ರೀ, ನೀವು ಯಾವ ಆಯಿಗೆ ಹಾಕಿದ್ರಿ?"

"ಇದೇನ್ ಕೇಳ್ತಿ? ನನಗ ಎಷ್ಟ್ ಮಂದಿ ಆಯಿ ಅದಾರ? ಅಪ್ಪನ ಅವ್ವ."

"ನಾ ಹಾಕಿದ್ದೂ ಅಕೀಗೇ ಅಲ್ಲೇನ್ರಿ?"

"ಮತ್ತ? ವರ್ಷಾ ಹಾಕ್ತೇವಲ್ಲ ಇಬ್ಬರೂ."

ಹೌದು, ವರ್ಷಾ ಹಾಕುತ್ತೇವೆ. ಮದುವೆಯಾದಾಗಿನಿಂದ ಒಂದೇ ಹುತ್ತಕ್ಕೆ, ಒಬ್ಬಳೇ ಆಯಿಗೆ, ನಾನೊಂದು ಪಾಲು ಅವನೊಂದು ಪಾಲು. ಆಯಿಯ ಗಂಟನ್ನು ಮಾತ್ರ ನಾನು ಅವ್ವನ ಮೂಲಕ ಬಂದದ್ದೆಂದು ನನ್ನ ಕಡೆಗಷ್ಟೇ ಬರೆದುಕೊಂಡಿದ್ದೆ. ಆ ಕಡೆ ಯಾರಿಗೂ ಇಲ್ಲ ಎಂದು ಡಾಕ್ಟರಬಾಯಿಗೆ ಅಷ್ಟು ಖಾತ್ರಿಯಿಂದ ಹೇಳಿದ್ದೆ. ಆ ಕಡೆ, ಈ ಕಡೆ ಎಂದು ಎರಡಿದ್ದವೇ?

ನನಗಿಂತ ಮೊದಲು ಬಾಯಿಬಿಟ್ಟವಳು ಸಣ್ಣವ್ವ. ಅವಳು ಎದೆಯ ಚೀಲವನ್ನು ಸರಿಮಾಡಿಕೊಂಡು ಎದ್ದು ನಿಂತು ಮಾಮಾನನ್ನು ನೋಡಿದಳು. "ಅಣ್ಣಾ, ಅವ್ವ ನಮ್ಮಿಬ್ಬರನೇ ಹಡದಾಳೇನು? ನಿನ್ನೂ ಹಡದಾಳಲ್ಲ."

"ಏ, ಗಂಡಸರಿಗೆ ಎಲ್ಲೀದು ಅದು?" ಎಂದು ಮಾಮಾ ನಗಲು ನೋಡಿದ. ಯಾರೂ ನಗಲಿಲ್ಲ. ಮಳೆಯಲ್ಲಿ ಹಾಲು ಹುತ್ತದ ಬುಡಕ್ಕೆ ಹರಿದು ಮಣ್ಣಿನ ಬಣ್ಣಕ್ಕೆ ತಿರುಗುತ್ತಿತ್ತು. ವೈಜನಾಥ ಮಗಳ ತಲೆಯ ಮೇಲೆ ಕೊಡೆ ಹಿಡಿದು ನಿಂತಿದ್ದ. ಅವನ ಮುಖದಲ್ಲಿ ಅಂಥದೊಂದು ಖಾಲಿತನವನ್ನು ನಾನು ಎಂದೂ ನೋಡಿರಲಿಲ್ಲ.

ಹಬ್ಬ ಮುಗಿದ ಕೂಡಲೇ ಬೀದರಕ್ಕೆ ಹೋದೆವು. ಡಾಕ್ಟರಬಾಯಿ ಹಣೆಗೆ ಕೈ ಹಚ್ಚಿಕೊಂಡರು. "ನಿಮ್ಮ ಮಾಮಾನ ಮಗನೇ ನಿಮ್ಮ ಗಂಡ ಅಂತ ಹೇಳಲೇ ಇಲ್ಲಲ್ರಿ!"

"ನೀವು ಗಂಡನ ಮನಿ ಅಂದ್ರಿ. ನಾ ಗಂಡನ ಮನಿದೇ ಹೇಳ್ದೆ" ಎಂದೆ. ಅವರೂ ನಕ್ಕರು, ನಾನೇ ಇನ್ನೊಮ್ಮೆ ಕೇಳಬೇಕಿತ್ತು ಎಂದರು. ಆಮೇಲೆ ನಗದೆ ಹೇಳಿದರು: ಈ ಜೀನ್ ಗಂಡು ಹೆಣ್ಣು ನೋಡಿ ಇಳಿಯುವುದಿಲ್ಲ. ತಾಯಿಯಿಂದ ಮಗನಿಗೆ, ಮಗನಿಂದ ಮೊಮ್ಮಗಳಿಗೆ ಬರಬಹುದು. ಇದ್ದವರಿಂದ ಪ್ರತಿ ಮಗುವಿಗೆ ಬರುವ ಸಂಭವ ಅರ್ಧಕ್ಕರ್ಧ. ಗಂಡಸರಿಗೂ ಅಪಾಯ ಉಂಟು, ಹೆಂಗಸರಿಗಿಂತ ಕಡಿಮೆ ಅಷ್ಟೇ.

ಸಣ್ಣವ್ವ ಕೇಳಿ ಮುಗಿಸಿದವಳೇ ತೋಳು ಮೇಲೆ ಮಾಡಿದಳು. "ತಗೀರಿ ರಕ್ತ. ನನ್ನ ಮಕ್ಕಳಿಗೆ ನಾಳೆ ಹೆಣ್ಣು ಹುಟ್ಟಬಾರದಂತ ಏನದ?" ದವಾಖಾನೆಯ ವಾಸನೆ ಸಾಕಾಗಿದೆ ಎಂದವಳು ಅವಳೇ. ನಾನು ಅವಳ ಮೇಲೆ ಇಟ್ಟುಕೊಂಡಿದ್ದ ಸಿಟ್ಟೆಲ್ಲ ಆ ತೋಳು ನೋಡಿದ ಕ್ಷಣಕ್ಕೆ ಕರಗಿಹೋಯಿತು. ಅವಳ ತಲೆಯನ್ನು ಎದೆಗೆ ಒತ್ತಿ ಹಿಡಿದೆ. "ಬಿಡು, ಸೂಜಿ ಅಲುಗ್ತದ" ಎಂದು ಬೈಸಿಕೊಂಡೆ.

ಸೋಯಾ ಕೊಯ್ಲಿನ ಹೊತ್ತಿಗೆ ಅವಳ ಫಲಿತಾಂಶ ಬಂತು. ಇತ್ತು.

ಈಗ ಏನನ್ನು ಹುಡುಕಬೇಕೆಂದು ತಿಳಿದಿತ್ತು. ನಾನು ತಡಮಾಡಲಿಲ್ಲ. ಅಳತೆ ತೆಗೆಯದೆ ಬಟ್ಟೆಗೆ ಕತ್ತರಿ ಹಾಕಿದವಳಲ್ಲ ನಾನು. ನನ್ನ ಮೈಯ ವಿಷಯದಲ್ಲಿ ಮಾತ್ರ ಯಾಕೆ ಕುರುಡಿಯಂತೆ ಕೂರಲಿ? ಅವ್ವನಿಗೆ ತಿಳಿದುಕೊಳ್ಳುವ ಅವಕಾಶವೇ ಇರಲಿಲ್ಲ. ನನಗೆ ಇತ್ತು. ತಿಳಿದುಕೊಂಡು ಏನು ಮಾಡುವುದಿದೆ ಎಂದರೆ, ಸಣ್ಣವ್ವ ಮಾಡಿದ್ದು ಮಾಡುವುದಿದೆ, ಗಾಡಿ ತೆಗೆ ಎನ್ನುವುದಿದೆ. ರಕ್ತ ಕೊಟ್ಟು ಬಂದ ದಿನ ಪಾವು ಬಾಜಿ ತಿಂದು ಬಂದೆ.

ಮಾಮಾ ಬೇಡ ಎಂದ. ಅವನ ವಯಸ್ಸಿಗೆ ಅವನಿಷ್ಟ. ವೈಜನಾಥ ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ದಸರಾ ಕ್ರೀಡಾಕೂಟ ಮುಗಿಯಲಿ ಎಂದ. ಅದು ಮುಗಿದ ಮೇಲೆ ತಾಲೂಕು ಮಟ್ಟದ್ದು ಇದೆ ಎಂದ. ಒಂದು ಸಂಜೆ ಅಂಗಡಿಗೆ ಬಂದು, ಗಿರಾಕಿಗಳು ಹೋಗುವವರೆಗೆ ಸ್ಟೂಲಿನ ಮೇಲೆ ಕೂತಿದ್ದು, ಕೊನೆಗೆ ಹೇಳಿದ: "ಎದಿ ಕ್ಯಾನ್ಸರಿನ ಪರೀಕ್ಷಾಕ್ಕ ಪಿ.ಟಿ. ಮಾಸ್ತರ ಹೋದನಂತ ಸಾಲ್ಯಾಗ ಗೊತ್ತಾದ್ರ ಹುಡುಗರು ಸೀಟಿ ಹೊಡೀತಾರ."

ನಗು ಬಂದರೂ ತಡೆದುಕೊಂಡೆ. "ರೀ, ಇದು ನಿಮ್ಮ ಮೈ, ನಿಮ್ಮ ನಿರ್ಧಾರ. ಹೆದರಿಕಿ ಇದ್ದದ್ದೇ. ಆದ್ರ ಹೆದರಿ ಕುಂತ್ರ ಆಟ ಸೋತಂಗೇ" ಎಂದೆ.

ಅವನು ತಲೆ ಎತ್ತಿ ನೋಡಿದ. ಮಾತು ಎಲ್ಲಿಯದೆಂದು ಗುರುತು ಹತ್ತಿತು. "ಮತ್ತ ನೀ ಹಿಂದ ಗಟ್ಟಿ ನಿಲ್ತಿಯೇನು?" ಎಂದ.

"ಹಿಂದ ಯಾಕ? ಬಾಜೂಕ್ಕ ಕುಂದರ್ತೇನಿ."

ಮರುದಿನವೇ ಹೋದೆವು. ಸೂಜಿ ಕಂಡು ಮುಖ ಆ ಕಡೆ ತಿರುಗಿಸಿದ. ಅದನ್ನು ನಾನು ಯಾರಿಗೂ ಹೇಳಿಲ್ಲ, ಈಗ ಬರೆಯುತ್ತಿದ್ದೇನೆ ಅಷ್ಟೇ.

ದೀಪಾವಳಿಯ ಆಸುಪಾಸಿನಲ್ಲಿ ನಮ್ಮಿಬ್ಬರ ಫಲಿತಾಂಶವೂ ಬಂತು. ಡಾಕ್ಟರಬಾಯಿ ಮೊದಲು ನನ್ನದು ಹೇಳಿದರು. ನನಗೆ ಇರಲಿಲ್ಲ. ಮೈಯೆಲ್ಲ ಹಗುರಾಗಿ, ಕುರ್ಚಿಯಲ್ಲಿ ಕೂತವಳು ಕೂತಲ್ಲೇ ನಕ್ಕೆ. ಅವ್ವನನ್ನು ನೆನೆದೆ. ಆಮೇಲೆ ವೈಜನಾಥನದು ಹೇಳಿದರು. ಅವನಿಗೆ ಇತ್ತು. ಅರ್ಧ ಬಂದ ನಗು ಬಾಯಲ್ಲೇ ಉಳಿಯಿತು, ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಮಾಮಾನ ಉತ್ತರವೂ ಅದರಲ್ಲೇ ಇತ್ತು, ಅವನು ಕೇಳದಿದ್ದರೂ. ಖಟಕ ಚಿಂಚೋಳಿಗೆ ಹೋಗಿ ಅವನಿಗೆ ಹೇಳಿದೆವು. "ನಮ್ಮವ್ವಂದು ಒಂದು ಫೋಟೋ ಸೈತ ಇಲ್ಲ, ಅಕೀದು ಏನೂ ನನ್ನ ಬಲ್ಲಿ ಇಲ್ಲ ಅಂತಿದ್ದೆ" ಎಂದ. ಮಗನ ಬೆನ್ನ ಮೇಲೆ ಕೈಯಿಟ್ಟು ಕೂತಿದ್ದ.

ಪೂರ್ಣಿಮಾಳಿಗೆ ಹೇಳುವ ಮಾತು ನನ್ನ ಪಾಲಿಗಲ್ಲ, ಅವನ ಪಾಲಿಗೆ ಬಂತು. ಆಷಾಢದಿಂದ ನಾನು ಹೊಲಿದು ಬಿಚ್ಚಿದ ಮಾತುಗಳನ್ನೆಲ್ಲ ಅವನಿಗೆ ಕೊಡಬಹುದಿತ್ತು. ಬೇಡ ಎಂದ. ಮಗಳನ್ನು ಎದುರು ಕೂರಿಸಿಕೊಂಡು, ನೀರು ಕುಡಿದು, ನೇರ ಹೇಳಿದ: "ಆಯಿದು ನನಗ ಬಂದದ. ನಿನಗೂ ಬಂದಿರಬಹುದು, ಬಂದಿರಲಿಕ್ಕಿಲ್ಲ. ಈಗ ನೀ ಏನೂ ನೋಡ್ಸಕೋಬೇಕಾಗಿಲ್ಲ. ದೊಡ್ಡಾಕಿ ಆದ ಮ್ಯಾಲ ನಿನಗ ಅನ್ನಿಸಿದಾಗ ನೋಡೋಣು." ಅಲ್ಲಿಯವರೆಗೆ ದನಿ ಗಟ್ಟಿಯಿತ್ತು. "ಕೊಡಬೇಕಂತ ಕೊಟ್ಟಿಲ್ಲ ಮಗಾ" ಎನ್ನುವಾಗ ಒಡೆಯಿತು.

ಅವಳು ಅಪ್ಪನನ್ನೇ ನೋಡುತ್ತಿದ್ದಳು. "ಮತ್ತ ನಿಮಗ ಯಾವಾಗ ಯಾವಾಗ ಚೆಕ್ ಮಾಡ್ಸಬೇಕಂತ ಪಪ್ಪಾ?" ಎಂದು ಕೇಳಿದಳು. ತನ್ನದಲ್ಲ, ಅವನದು. ನಾನು ಎದ್ದು ಒಳಗೆ ಹೋದೆ. ಇನ್ನೂ ಕೂತಿದ್ದರೆ ಅತ್ತುಬಿಡುತ್ತಿದ್ದೆ.

ಆಮೇಲಿನದು ನಿತ್ಯದ ಬದುಕು. ವೈಜನಾಥ ಹೇಳಿದ ಹೊತ್ತಿಗೆ ತಪ್ಪದೆ ತಪಾಸಣೆಗೆ ಹೋಗುತ್ತಾನೆ, ಈವರೆಗೆ ಎಲ್ಲ ನೆಟ್ಟಗಿದೆ. ಸಾಲೆಯಲ್ಲಿ ಯಾರೂ ಸೀಟಿ ಹೊಡೆಯಲಿಲ್ಲ; ತಾನೇ ಸಿಬ್ಬಂದಿಯವರಿಗೆಲ್ಲ ಹೇಳಿಕೊಂಡು, ನಿಮ್ಮ ಮನೆಯ ಹೆಣ್ಣುಮಕ್ಕಳು ಗಂಟು ಮುಚ್ಚಿಡದ ಹಾಗೆ ನೋಡಿಕೊಳ್ಳಿರಿ ಎಂದು ತಲೆ ತಿನ್ನುತ್ತಾನೆ. ಸಣ್ಣವ್ವನ ದೊಡ್ಡ ಮಗ ಪರೀಕ್ಷೆ ಮಾಡಿಸಿಕೊಂಡ, ಚಿಕ್ಕವನು ಇನ್ನೂ ವಿಚಾರ ಮಾಡುತ್ತಿದ್ದಾನೆ. ಸಣ್ಣವ್ವ ಪ್ರತಿ ಪಂಚಮಿಗೆ ಹೊಸ ಚೀಲ ಹೊಲಿಸಿಕೊಳ್ಳುತ್ತಾಳೆ. ಪೂರ್ಣಿಮಾ ಬೀದರದಲ್ಲಿ ಡಿಗ್ರಿ ಕೊನೆಯ ವರ್ಷ.

ಬೀದರದಿಂದ ಬಂದಿದ್ದ ಆ ಹೆಂಗಸಿಗೆ ನಾನು ಇಷ್ಟೆಲ್ಲ ಹೇಳಲಿಲ್ಲ. ಚೀಲ ಕೊಡುವಾಗ ಒಂದೇ ಮಾತು ಹೇಳಿದೆ: "ನಿಮ್ಮ ಅಣ್ಣತಮ್ಮಂದಿರಿಗೂ ಹೇಳ್ರಿ. ಅವರನ್ನ ಮರೀಬ್ಯಾಡ್ರಿ." ಅವರು ಬೆರಗಿನಿಂದ ನೋಡಿದರು. ನೋಡಲಿ. ನನಗೆ ಇದು ಹೊಳೆಯಲು ಒಂದು ಪಂಚಮಿ ಬರಬೇಕಾಯಿತು, ಅವರು ಅಷ್ಟು ಕಾಯುವುದು ಯಾಕೆ?

ಹಬ್ಬಕ್ಕೆಂದು ಮೊನ್ನೆ ಊರಿಗೆ ಬಂದಿದ್ದ ಪೂರ್ಣಿಮಾ ನಿನ್ನೆ ಬೆಳಿಗ್ಗೆ ಅಂಗಡಿಗೆ ಬಂದಳು. ನಾನು ಬಾಣಲಿಯಲ್ಲಿ ಸಾಸಿವೆ ಹಾಕಿದ್ದೆ. ಮೆಟ್ಟಿಲ ಮೇಲೆ ನಿಂತೇ ಹೇಳಿದಳು: "ಮಮ್ಮಿ, ಡಾಕ್ಟರ್ ಮೇಡಮ್ಮಿಗೆ ಫೋನ್ ಮಾಡೇನಿ. ಇವತ್ತು ಬರ್ರಿ ಅಂದಾರ. ನಾ ಮಾಡ್ಸಕೋತೇನಿ."

ಎಷ್ಟೋ ದಿನದಿಂದ ಬರಬಹುದೆಂದು ಕಾಯುತ್ತಿದ್ದ ಮಾತು. ಕತ್ತರಿ ಕೆಳಗಿಟ್ಟು, "ತಡಿ, ಸೀರಿ ಬದಲಿ ಮಾಡ್ತೇನಿ, ಅಂಗಡಿ ಬಂದ್ ಮಾಡಿ ಬರ್ತೇನಿ" ಎಂದೆ.

"ನೀ ಬ್ಯಾಡ ಮಮ್ಮಿ" ಎಂದಳು. ಮೆತ್ತಗೆ, ಆದರೆ ನನ್ನದೇ ಗಟ್ಟಿತನದಲ್ಲಿ. "ಪಪ್ಪಾ ಬರ್ಲಿ. ಇದು ನಮ್ಮಿಬ್ಬರದು."

ವೈಜನಾಥ ರಸ್ತೆಯ ಆಚೆ ಆಗಲೇ ನಿಂತಿದ್ದ, ಬೂಟು ಹಾಕಿಕೊಂಡು, ಕೊಡೆ ಹಿಡಿದುಕೊಂಡು. ನನಗೆ ಹೊಟ್ಟೆಕಿಚ್ಚೂ ಆಯಿತು, ಹೆಮ್ಮೆಯೂ ಆಯಿತು, ಯಾವುದು ಹೆಚ್ಚೆಂದು ಕೇಳಬೇಡಿ. ಇಬ್ಬರೂ ಬೀದರ ಬಸ್ಸಿನ ಕಡೆಗೆ ಒಂದೇ ಕೊಡೆಯಲ್ಲಿ ನಡೆದು ಹೋದರು. ಅವನು ಏನೋ ಹೇಳಿದ, ಅವಳು ನಕ್ಕಳು. ಅವರು ತಿರುವು ದಾಟುವವರೆಗೂ ಮೆಟ್ಟಿಲ ಮೇಲೆ ನಿಂತಿದ್ದೆ. ಒಳಗೆ ಬಂದು ನೋಡಿದರೆ ಸಾಸಿವೆ ಸೀದುಹೋಗಿತ್ತು. ಅದನ್ನು ಚೆಲ್ಲಿ, ಬಾಣಲಿ ಒರೆಸಿ, ಹೊಸದಾಗಿ ಹುರಿಯಲು ಇಟ್ಟೆ.